ಭೂಕಂಪದ ತಾರೀಕಿಗೆ ಅಕ್ಕನ ಮದುವೆ

ಯಾವ ತಾರೀಕು ಹೇಳಿದರೂ, ಆ ದಿನ ಜಗತ್ತಿನಲ್ಲಿ ಏನೇನು ಕೆಟ್ಟದ್ದು ನಡೆದಿದೆ ಎಂದು ನಮ್ಮ ತಾತ ಹೇಳಬಲ್ಲ. ಕಣಕಟ್ಟೆಯ ಮನೆ ಜಗಲಿಯಲ್ಲಿ ಕೂತು, ಪೇಪರಿನಲ್ಲಿ ಬರುವ ‘ಇತಿಹಾಸದಲ್ಲಿ ಈ ದಿನ’ ಓದಿದ ಮೇಲೇ ಅವನಿಗೆ ಕಾಫಿ. ಹಡಗು ಮುಳುಗಿದ್ದು, ಗಣಿ ಕುಸಿದದ್ದು ಎಲ್ಲ ನೆನಪಿರುತ್ತದೆ. ಒಳ್ಳೆಯ ಸುದ್ದಿ ಮಾತ್ರ ಅವನ ತಲೆಯಲ್ಲಿ ನಿಲ್ಲುವುದಿಲ್ಲ.

ನಾನು ಅರಸೀಕೆರೆಯ ಆರ್ಕೆಸ್ಟ್ರಾ ಒಂದರಲ್ಲಿ ಹಾಡುಗಳ ನಡುವೆ ಮಿಮಿಕ್ರಿ ಮಾಡುತ್ತೇನೆ. ಅದೊಂದು ಕೆಲಸವೆಂದು ಮನೆಯವರು ಇನ್ನೂ ಒಪ್ಪಿಲ್ಲ, ಎಮ್ಮೆ ಒಪ್ಪಿದೆ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಗಂಟಲು ಕೆರೆದು, “ಇವತ್ತಿನ ದಿನ ಐತಲ್ಲ...” ಎಂದು ನಾನು ತಾತನ ಧ್ವನಿ ತೆಗೆದರೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡುತ್ತದೆ. ಅದು ನನ್ನ ಪ್ರತಿಭೆಯೋ, ಎಮ್ಮೆಯ ದಡ್ಡತನವೋ ತೀರ್ಮಾನವಾಗಿಲ್ಲ.

ಅಕ್ಕನಿಗೆ ಹಗರೆಯ ಕಡೆ ಸಂಬಂಧ ಕುದುರಿತ್ತು. ಅವರ ಮನೆಯಲ್ಲೊಂದು ಸಾವು, ನಮ್ಮ ಮನೆಯಲ್ಲೊಂದು ಆಪರೇಷನ್ ಎಂದು ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಇನ್ನೊಂದು ಸಲ ಹೋದರೆ ಸಂಬಂಧವೇ ಹೋಗುವ ಹಾಗಿತ್ತು. ಒಂದು ಭಾನುವಾರ ಗಂಡಿನ ಅಪ್ಪ ಫೋನ್ ಮಾಡಿದರು. ಹಳೇಬೀಡಿನ ಛತ್ರ ಒಂದೇ ಒಂದು ದಿನ ಖಾಲಿ ಇದೆ, ಜನವರಿ ಇಪ್ಪತ್ತಾರು. ಆ ಸಲ ಮಾಘ ಬೇಗ ಬಂದಿತ್ತಾದ್ದರಿಂದ ಮುಹೂರ್ತವೂ ಚೆನ್ನಾಗಿತ್ತು. ಸಂಜೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಛತ್ರ ಬೇರೆಯವರಿಗೆ.

“ಹಿರೇರನ್ನ ಒಂದ್ಮಾತು ಕೇಳಿ ಹೇಳ್ತೀವಿ” ಎಂದರು ಅಪ್ಪ. ಎಡವಿದ್ದು ಅಲ್ಲೇ.

“ಆವತ್ತೇ ಕಣ್ರಲಾ ಗುಜರಾತಲ್ಲಿ ಭೂಮಿ ಬಿರಿದಿದ್ದು. ಬ್ಯಾಡ” ಎಂದ ತಾತ.

ಅಕ್ಕ ಬಾಗಿಲಲ್ಲೇ ನಿಂತಳು. ಅವಳ ಮುಖ ನೋಡಿ ನಾನು ರೇಡಿಯೋ ವಾರ್ತೆಯ ಧ್ವನಿ ತೆಗೆದೆ. “ಜನವರಿ ಇಪ್ಪತ್ತಾರು. ಈ ದಿನ ನಮ್ಮ ಸಂವಿಧಾನ ಜಾರಿಗೆ ಬಂತು. ಅದಕ್ಕೂ ಇಪ್ಪತ್ತು ವರ್ಷ ಮೊದಲು ಇದೇ ದಿನ ದೇಶದ ಜನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದರು. ಇದೇ ದಿನ ಬಿಳಿಯರ ಹಡಗುಗಳು ಆಸ್ಟ್ರೇಲಿಯಾ ತಲುಪಿದವು.”

“ತಲುಪಿದ್ದರಿಂದ ಅಲ್ಲಿದ್ದೋರ್ಗೆ ಒಳ್ಳೇದಾಯ್ತೇನ್ಲಾ?”

ನಾನು ಆಸ್ಟ್ರೇಲಿಯಾ ಕೈಬಿಟ್ಟೆ. “ಹೋಗ್ಲಿ ತಾತ, ಸಂವಿಧಾನ?”

“ಅದೇ ಬಾವುಟ ಹಾರಿಸೋ ಹೊತ್ತಲ್ಲೇ ಕಣೋ ಭೂಮಿ ನಡುಗಿದ್ದು” ಎಂದು ತಾತ ಕನ್ನಡಕ ತೆಗೆದ. “ನಮ್ ಕೊಬ್ರಿ ತಗೊಳ್ತಿದ್ನಲ್ಲ, ಆ ಕಛ್ ಕಡೆ ಸೇಟು. ಸಂಕ್ರಾಂತಿ ದಿನ ಫೋನ್ ಮಾಡಿ ನಕ್ಕಂಡು ಮಾತಾಡಿದ್ದ. ಆಮ್ಯಾಕೆ ಫೋನೇ ಬರ್ನಿಲ್ಲ. ನಾವು ಮಾಡಿದ್ರೂ ಹೋಗ್ನಿಲ್ಲ.”

ಅಷ್ಟು ವರ್ಷ ನಾನು ಅಣಕಿಸಿದ ಗಂಟಲಿನಲ್ಲಿ ಇಂಥ ಧ್ವನಿಯೂ ಒಂದು ಇತ್ತು. ನಾನು ಬಾಯಿ ಮುಚ್ಚಿಕೊಂಡೆ. ಇದು ಮನೆಯಲ್ಲಿ ಅಪರೂಪ. ಅಮ್ಮ ಒಳಗಿಂದ ಬಂದು, ಹುಷಾರಾಗಿದ್ದೀಯಾ ಎನ್ನುವಂತೆ ನನ್ನನ್ನು ನೋಡಿ ಹೋದರು.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದಳು. “ನಮ್ ಮದ್ವೆ ಯಾವ ತಾರೀಕು ಆಗಿದ್ದು, ಹೇಳಿ ನೋಡಾನ.”

“ಕೆರೆ ಕೋಡಿ ಬಿದ್ದಿತ್ತಲ್ಲ, ಅದರ ಮುಂದ್ಲ ವರ್ಷ. ಶಿವರಾತ್ರಿ ಕಳೆದು...”

“ನಾನು ಕೇಳಿದ್ದು ತಾರೀಕು.”

ತಾತ ತೊಲೆ ನೋಡಿದ. “ಆವಾಗ ಯಾರು ತಾರೀಕು ನೋಡ್ತಿದ್ರೇ? ಪಂಚಾಂಗ ನೋಡಿ ಸ್ವಾಮೇರು ಸೋಮವಾರ ಅಂದ್ರು. ಆಯ್ತು.”

“ಹಂಗಾರೆ ಆವತ್ತು ಎಲ್ಲೆಲ್ಲಿ ಭೂಮಿ ಬಿರಿದಿತ್ತೋ, ಎಷ್ಟು ಹಡಗು ಮುಳುಗಿದ್ವೋ ನಿಮಗೆ ಗೊತ್ತಿಲ್ಲ. ಗೊತ್ತಿಲ್ದೇ ಬಾಳಾಟ ಮಾಡಿದ್ವಲ್ಲ, ಏನಾಯ್ತು ಈಗ?”

ಊರಿಗೆಲ್ಲ ತಾರೀಕು ಹಂಚುವ ಮನುಷ್ಯನ ಬಳಿ ತನ್ನದೇ ಮದುವೆಯ ತಾರೀಕು ಇರಲಿಲ್ಲ.

“ಒಂದು ಹಡಗು ಮುಳುಗಿದ್ದಂತೂ ಗೊತ್ತು ಕಣೇ” ಎಂದು ತಾತ ತನ್ನ ಎದೆ ತಟ್ಟಿಕೊಂಡ.

ಅಜ್ಜಿ ಒಂದು ಕಾಯಿ ಎತ್ತಿ ಎಸೆದಳು. ಅಪ್ಪ ನಗುತ್ತಲೇ ಫೋನ್ ಹುಡುಕಿದರು. ಅಕ್ಕ ಅದನ್ನು ಮುಂಚೆಯೇ ಹುಡುಕಿಟ್ಟುಕೊಂಡಿದ್ದಳು.

ಮದುವೆಯ ದಿನ ಛತ್ರದ ಪಕ್ಕದ ಶಾಲೆಯಲ್ಲಿ ಬಾವುಟ ಹಾರಿಸುವ ಹೊತ್ತೂ ನಮ್ಮ ಮುಹೂರ್ತವೂ ಸರಿಯಾಗಿ ಕೂಡಿಬಂದವು. ಭಾವನ ಕೈಗೆ ತಾಳಿ ಬಂದಿತ್ತು, ಕಿಟಕಿಯಿಂದ ರಾಷ್ಟ್ರಗೀತೆ ಬಂತು. ಪುರೋಹಿತರು ಮಂತ್ರ ನಿಲ್ಲಿಸಿದರು, ಓಲಗದವರು ವಾದ್ಯ ಇಳಿಸಿದರು, ಛತ್ರಕ್ಕೆ ಛತ್ರವೇ ಅಕ್ಷತೆ ಹಿಡಿದು ನೆಟ್ಟಗೆ ನಿಂತಿತು. ಅಡುಗೆಯವನೂ ಸೌಟು ಹಿಡಿದೇ ನಿಂತಿದ್ದ. ತಾತ ನನ್ನ ಮೊಣಕೈ ಹಿಡಿದಿದ್ದ. ಹಿಡಿತ ಬಿಗಿಯಾಗುತ್ತಾ ಹೋಯಿತು.

ಗೀತೆ ಮುಗಿದದ್ದೇ “ಗಟ್ಟಿಮೇಳ, ಗಟ್ಟಿಮೇಳ!” ಡೋಲು ಬಡಿದ ರಭಸಕ್ಕೆ ಮರದ ವೇದಿಕೆ ಜುಮ್ಮೆಂದಿತು.

“ಏನ್ಲಾ, ನೆಲ ಅದುರ್ತಾ ಐತಾ?”

“ಐತೆ ಕಣ್ ತಾತ. ಡೋಲಿನೋರು ನಮ್ಮ ಅರಸೀಕೆರೆಯೋರು.”

ತಾತ ಕಣ್ಣು ಕಿರಿದು ಮಾಡಿ ಅಕ್ಕನ ಕಡೆ ನೋಡಿದ. ಮುಷ್ಟಿಯ ಅಕ್ಷತೆಯನ್ನು ಎಲ್ಲರೂ ಹಾಕಿಯಾದ ಮೇಲೆ ಎಸೆದ; ಅಷ್ಟೂ ನನ್ನ ತಲೆಯ ಮೇಲೆ ಬಿತ್ತು.

“ಗಂಟು ಬಿತ್ತೇನೋ?”

“ಬಿತ್ತು ತಾತ. ಮೂರೂ ಬಿದ್ದವು.”

ಆಗ ಮೊಣಕೈ ಬಿಟ್ಟ. ಅಲ್ಲಿ ಅವನ ಬೆರಳುಗಳ ಗುರುತು ಕೆಂಪಗೆ ಎದ್ದಿತ್ತು. “ಸರಿ ಹಂಗಾರೆ,” ಎಂದು ಉಸಿರು ಬಿಟ್ಟ, “ನಡಿ, ಮೊದ್ಲ ಪಂಕ್ತೀಲೇ ಜಾಗ ಹಿಡಿ.”