ಸಾವಂತ್ರಕ್ಕ ಮತ್ತು ಬಯಕೆಯ ಬ್ರೆಡ್ಡು

ನನ್ನ ನೆಗೆಣ್ಣಿ ಸಾವಂತ್ರವ್ವನನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆಕಿಚ್ಚು, ತೆಗಳಿದರೆ ಮೈಯೆಲ್ಲ ಉರಿ. ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಒಲೆ ಹೂಡಿದವರಿಗೆ ಇದು ಅರ್ಥವಾಗುತ್ತದೆ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಚಂದ್ರವ್ವ, ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು. ಇಷ್ಟು ವರ್ಷ ಊರ ಮಕ್ಕಳ ಮೂಗು ಒರೆಸಿದ್ದೇನೆ, ಆದರೂ ಖಾನಾಪುರದಲ್ಲಿ ನನ್ನ ಮನೆ ಕೇಳಿದರೆ ಜನ ಹೇಳುವುದು "ಸಾವಂತ್ರಕ್ಕನ ಬಾಜೂಕ" ಎಂದೇ.

ಅವಳ ಹೆಸರು ನಡೆಯುವುದು ಬಸುರಿಯರ ಬಯಕೆಯಿಂದ. ಓಣಿಯಲ್ಲಿ ಯಾರಿಗಾದರೂ ತಿಂಗಳು ನಿಂತಿತೆಂದು ಗೊತ್ತಾದರೆ ಸಾಕು, ಸಂಜೆಗೆ ಸಾವಂತ್ರಕ್ಕ ಅವರ ಕಟ್ಟೆಯ ಮೇಲೆ ಹಾಜರು. "ಏನ ತಿನ್ನಬೇಕು ಅನಸ್ತೈತಿ? ನಾಚಬ್ಯಾಡ, ಬಾಯಿ ಬಿಟ್ಟು ಹೇಳು." ಮಾಯಕ್ಕನಿಗೆ ಏಡಿ ಬೇಕೆನಿಸಿದಾಗ ಸೀರೆ ಎತ್ತಿ ಕಟ್ಟಿ ಮಲಪ್ರಭೆಗೆ ಇಳಿದವಳು ಇವಳೇ. ಭೀಮಕ್ಕ ಮಣ್ಣು ತಿನ್ನಬೇಕೆಂದಳು. ಡಾಕ್ಟರು ಬೇಡವೆಂದರು. ಇವಳು ಹಳೆಯ ಗೋಡೆಗೆ ನೀರು ಚಿಮುಕಿಸಿ, "ವಾಸನಿ ತುಗೊಳಾಕ ಡಾಕ್ಟರು ಬ್ಯಾಡ ಅಂದಿಲ್ಲಲ್ಲ" ಎಂದು ಅವಳನ್ನು ಗೋಡೆಯೆದುರು ಕೂರಿಸಿದಳು. ನನ್ನ ಸರದಿಯಲ್ಲಿ ನಾನು ಡಿಸೆಂಬರಿನಲ್ಲಿ ಹಲಸಿನ ಹಣ್ಣಿಗೆ ಹಟ ಹಿಡಿದಿದ್ದೆ. ಜಾಂಬೋಟಿ ಕಡೆಯ ಯಾವುದೋ ಹಳ್ಳಿಯಿಂದ ಹಲಸಿನ ಹಪ್ಪಳ ತಂದು, "ಕಣ್ಣ ಮುಚಗೊಂಡು ತಿನ್ನು, ಹಣ್ಣೇ ಅನಸ್ತೈತಿ" ಎಂದಳು. ಅನಿಸಲಿಲ್ಲ. ಆದರೂ ಅಷ್ಟನ್ನೂ ತಿಂದೆ.

ಇಷ್ಟೆಲ್ಲ ಕಿವಿಗಾಗಿ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಅರ್ಧಂಬರ್ಧ ನಂಬುತ್ತಾರೆ. ಸಾವಂತ್ರಕ್ಕ ಪೂರ್ತಿ ನಂಬುತ್ತಾಳೆ. "ಅಕ್ಕಾ, ಕಿವಿ ಸೋರೂದು ಸೋಂಕಿನಿಂದ, ಅದಕ್ಕ ಔಷಧ ಐತಿ" ಎಂದು ನಾನು ಪಾಠ ಮಾಡಿದರೆ, "ಹೌದವಾ, ನೀ ಓದಿದಾಕಿ" ಎಂದು ಎದ್ದೇ ಹೋಗುತ್ತಾಳೆ. ತಮಾಷೆ ನೋಡಿ, ಊರ ಕೂಸುಗಳ ಕಿವಿ ಕಾಯುವ ಇವಳ ಒಬ್ಬನೇ ಮಗ ಬಾಳೇಶನಿಗೆ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಹೈಸ್ಕೂಲು ಮುಗಿಯುವವರೆಗೂ ಸೋರುತ್ತಿತ್ತು, ಸದಾ ಹತ್ತಿ ಇಟ್ಟುಕೊಂಡಿರುತ್ತಿದ್ದ. ಹೊಳೆಯಲ್ಲಿ ಈಜಿ ಹಾಗಾಯಿತು ಅನ್ನುವುದು ಮನೆಯ ಮಾತು. ನಾನು ಸೊಸೆಯಾಗಿ ಬಂದಾಗ ಅವನಿಗೆ ಎರಡು ವರ್ಷ, ಕಿವಿಯಲ್ಲಿ ಆಗಲೇ ಹತ್ತಿ. ಎರಡು ವರ್ಷದ ಕೂಸು ಯಾವ ಹೊಳೆಯಲ್ಲಿ ಈಜಿತ್ತೋ, ನಾನು ಕೇಳಲಿಲ್ಲ. ಈಗ ಅವನು ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಎಡಗಡೆ ಕುಳಿತು ಬೈದರೆ ನಗುತ್ತಲೇ ಇರುತ್ತಾನೆ, ಪುಣ್ಯವಂತ.

ಹೋದ ವರ್ಷ ಬಾಳೇಶನ ಮದುವೆಯಾಯಿತು. ಹುಡುಗಿ ಮಾಲಾ, ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಬೆಳೆದವಳು, ಮೆತ್ತಗೆ ಮಾತಾಡುವವಳು. ಈ ವರ್ಷ ಅವಳೇ ಬಸುರಿ. ನಾಲ್ಕನೆಯ ತಿಂಗಳು ನಡೆಯುತ್ತಿತ್ತು, ತಿಂದದ್ದೆಲ್ಲ ವಾಂತಿ. ರೊಟ್ಟಿ ಇಲ್ಲ, ಅನ್ನ ಇಲ್ಲ, ಗಂಜಿ ಕುಡಿದರೆ ಅದೂ ಇಲ್ಲ. ಡಾಕ್ಟರು ಗುಳಿಗೆ ಕೊಟ್ಟು, ಬಾಯಿಗೆ ಸೇರಿದ್ದನ್ನು ತಿನ್ನಿಸಿ ಎಂದರು. ಸಾವಂತ್ರಕ್ಕ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಮಾಲಾ ಹತ್ತು ಸಲವೂ "ಏನೂ ಬ್ಯಾಡ್ರಿ ಅತ್ತಿ" ಎನ್ನುತ್ತಿದ್ದಳು. ಕಡೆಗೆ ಮಾಲಾಳ ಅಣ್ಣ ಸಂಜಯ ಫೋನು ಮಾಡಿ, ಭಾನುವಾರ ಮಧ್ಯಾಹ್ನ ಕಾರು ತಂದು ತಂಗಿಯನ್ನು ಕ್ಯಾಂಪಿಗೆ ಕರೆದೊಯ್ಯುತ್ತೇನೆ ಎಂದ. ಊರ ಬಸುರಿಯರಿಗೆಲ್ಲ ತಿನ್ನಿಸಿದ ಸಾವಂತ್ರಕ್ಕನ ಮನೆಯಿಂದ ಅವಳ ಸ್ವಂತ ಸೊಸೆ ಹಸಿದುಕೊಂಡು ಹೋಗುವುದು! ಅಕ್ಕ ಎರಡು ದಿನ ಯಾರ ಕಟ್ಟೆಯನ್ನೂ ಹತ್ತಲಿಲ್ಲ.

ಶನಿವಾರ ನಾನೇ ಮಾಲಾಳ ಹತ್ತಿರ ಕುಳಿತೆ. "ಖರೇ ಹೇಳು, ಏನ ಬೇಕವಾ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸಣ್ಣತ್ತಿ, ನಗಬಾರದು ಮತ್ತ. ಕ್ಯಾಂಪಿನ್ಯಾಗ ನಮ್ಮ ಬಾಜೂ ಮನಿ ಆಂಟಿ ಕ್ರಿಸ್ಮಸ್‌ಗೆ ಒಂದು ಸ್ಯಾಂಡ್‌ವಿಚ್ ಮಾಡ್ತಿದ್ರು. ಪೀನಟ್ ಬಟರ್, ಮ್ಯಾಲೆ ಮಾರ್ಷ್‌ಮ್ಯಾಲೊ ಅಂತ ಬೆಳ್ಳಗ ಮೆತ್ತಗಿನ ಮಿಠಾಯಿ. ಒಂದು ತಿಂಗಳಾತು, ಕಣ್ಣ ಮುಚ್ಚಿದ್ರ ಅದೇ ಕಾಣ್ತೈತಿ."

"ಇದನ್ನ ಹೇಳಾಕ ಏನ ಧಾಡಿ ಆಗಿತ್ತು ನಿನಗ?"

"ಅದು ಬ್ರೆಡ್ಡಲ್ಲೇನ್ರೀ..." ಎಂದು ತಲೆ ತಗ್ಗಿಸಿದಳು.

ನನಗೆ ತಿಳಿಯಿತು. ನಮ್ಮ ಮನೆತನದಲ್ಲಿ ಬ್ರೆಡ್ಡು ಅಂದರೆ ಜ್ವರ ಬಂದವರ ಊಟ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಮೋಸಂಬಿಯ ಜೊತೆ ಒಯ್ಯುವ ವಸ್ತು ಅದು. ಮದುವೆಯಾದ ಹೊಸದರಲ್ಲಿ ಬಾಳೇಶ ಹೆಂಡತಿಗೆಂದು ಒಂದು ಪೌಂಡು ಬ್ರೆಡ್ಡು ತಂದಿದ್ದ. ಸಾವಂತ್ರಕ್ಕ ಆ ಪೊಟ್ಟಣವನ್ನು ಕೈಗೆತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಹಳಸಿದೆಯೋ ಏನೋ ಎಂಬಂತೆ ಬಹಳ ಹೊತ್ತು ಮೂಸಿ, ಠಪ್ಪನೆ ಇಟ್ಟು, "ಯಾರಿಗೆ ಜ್ವರ ಬಂದೈತಿ?" ಎಂದಿದ್ದಳು. ಆಮೇಲೆ ಆ ಮನೆಗೆ ಬ್ರೆಡ್ಡು ಬರಲಿಲ್ಲ.

ಅಡುಗೆಮನೆಗೆ ಹೋಗಿ ಹೇಳಿದೆ. ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋಗಿದ್ದೆ. "ನಿನ್ನ ಸೊಸಿಗೆ ಬ್ರೆಡ್ಡು ಬೇಕಂತ. ನಿನ್ನ ಬಾಯಿಗೆ ಹೆದರಿ ಸುಮ್ಮ ಕುಂತಾಳ." ಅಕ್ಕ ತಿರುಗಿ ಬೀಳುತ್ತಾಳೆಂದು ಕಾದೆ. ಅವಳು ಹಂಚಿನ ಮೇಲೆ ಕರಿಯಾದ ರೊಟ್ಟಿಯನ್ನು ಕಿತ್ತು ಪಕ್ಕಕ್ಕಿಟ್ಟಳು. ಆಮೇಲೆ, "ಬಾಳ್ಯಾಗ ಫೋನ್ ಹಚ್ಚು. ಬರೂ ಮುಂದ ತರಲಿ" ಎಂದಳು.

ಬಾಳೇಶ ಕ್ಯಾಂಪಿನ ಅಂಗಡಿಯಿಂದ ಬ್ರೆಡ್ಡು, ಮಾರ್ಷ್‌ಮ್ಯಾಲೊ ಎರಡನ್ನೂ ತಂದ. ಪೀನಟ್ ಬಟರ್ ತರಲು ಅಕ್ಕ ಬಿಡಲಿಲ್ಲ. "ಶೇಂಗಾದ್ದು ತಾನ? ಮನ್ಯಾಗ ಒಂದು ಚೀಲ ಶೇಂಗಾ ಇಟಗೊಂಡು ಬಾಟಲಿ ತಂದ್ರ ಮಂದಿ ನಗತಾರ." ಮಾರ್ಷ್‌ಮ್ಯಾಲೊ ಪೊಟ್ಟಣ ಬಿಚ್ಚಿದವಳೇ ಮಗನ ಮುಖ ನೋಡಿದಳು. "ಇದೇನೋ, ನಿನ್ನ ಕಿವ್ಯಾಗ ಇಡತಿದ್ದ ಹತ್ತಿ ಇದ್ದಂಗ ಐತಿ!" ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಹತ್ತಿ.

ಭಾನುವಾರ ಬೆಳಿಗ್ಗೆ ಮಾಲಾ ಹೊರಗಿನ ಕೋಣೆಯಲ್ಲಿ ಮಲಗಿದ್ದಳು, ಅಡುಗೆಮನೆಯ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ನಾವಿಬ್ಬರೇ ಮೊಬೈಲಿನಲ್ಲಿ ವಿಡಿಯೋ ನೋಡಿದೆವು. ಅದರಲ್ಲಿ ಒಬ್ಬ ಹೆಂಗಸು ಹುರಿದ ಶೇಂಗಾ ಮಿಕ್ಸರಿಗೆ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಅರೆದಳು. ಸಾವಂತ್ರಕ್ಕ ಲೊಚಗುಟ್ಟಿದಳು. "ಪಾಪ, ಬಳ್ಳೊಳ್ಳಿ ಹಾಕೂದು ಮರತಾಳ."

"ಅಕ್ಕಾ, ಅದಕ್ಕ ಬಳ್ಳೊಳ್ಳಿ ಹಾಕೂದಿಲ್ಲ."

"ಶೇಂಗಾಕ್ಕ ಬಳ್ಳೊಳ್ಳಿ ಹಾಕೂದಿಲ್ಲಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಲವತ್ತು ವರ್ಷ ದಿನಾ ಶೇಂಗಾ ಚಟ್ನಿ ಕುಟ್ಟಿದ ಕೈ ಅದು. "ಆತವಾ, ಹಾಕೂದಿಲ್ಲ ಬಿಡು."

ಶೇಂಗಾ ಹದವಾಗಿ ಹುರಿದಳು, ಸಿಪ್ಪೆ ಕೇರಿದಳು. ನಾನು ಸ್ನಾನದ ನೀರು ನೋಡಿಬರಲು ನನ್ನ ಮನೆಗೆ ಹೋದದ್ದು ಎರಡೇ ನಿಮಿಷ. ತಿರುಗಿ ಬರುವಷ್ಟರಲ್ಲಿ ಮಿಕ್ಸರು ನಿಂತಿತ್ತು, ವಾಸನೆ ಬಾಗಿಲವರೆಗೂ ಬಂದಿತ್ತು. ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಎಲ್ಲವೂ ಬಿದ್ದಿದ್ದವು. ಅಕ್ಕ ಖಾರದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಕಳ್ಳಿಯ ಹಾಗೆ ನಿಂತಿದ್ದಳು.

"ನಾ ಹಾಕಲಿಲ್ಲ ಚಂದ್ರಾ. ಕೈ ಹಾಕ್ತು."

ನಾನು ನಕ್ಕು ನಕ್ಕು ನೆಲಕ್ಕೆ ಕುಳಿತೆ. ಅವಳ ಗಂಡ ಬಂಡೆಪ್ಪ ಬಾವ ಒಳಗೆ ಬಂದು, ಏನೂ ಕೇಳದೆ, ರೊಟ್ಟಿಗೆ ಅದನ್ನೇ ಹಚ್ಚಿಕೊಂಡು ತಿಂದು, "ಇವತ್ತ ಚಟ್ನಿ ಬಾಳ ಸಣ್ಣಗ ಆಗೇತಿ, ದಿನಾ ಹಿಂಗ ಮಾಡು" ಎಂದು ಹೋದರು.

ಎರಡನೆಯ ಸಲ ನಾನು ಖಾರದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾವಲು ನಿಂತೆ. ಶೇಂಗಾ ಮೊದಲು ಪುಡಿಯಾಯಿತು, ಆಮೇಲೆ ಮುದ್ದೆಯಾಯಿತು, ಆಮೇಲೆ ಎಣ್ಣೆ ಬಿಟ್ಟಿತು. "ಕೆಟ್ಟೋತು!" ಎಂದು ಅಕ್ಕ ಚೀರಿದಳು. ಇನ್ನೊಂದು ಸುತ್ತು ತಿರುಗಿಸಿದರೆ ನುಣ್ಣಗೆ ಹೊಳೆಯುವ ಬೆಣ್ಣೆ. ಗೆದ್ದೆವೆಂದು ತಿರುಗಿ ನೋಡುತ್ತೇನೆ, ಹತ್ತಿ ಎಲ್ಲಿ? ಪೇಟೆಯಿಂದ ಬಂದದ್ದನ್ನು ತೊಳೆಯದೆ ಒಲೆಯ ಹತ್ತಿರ ತರುವವಳಲ್ಲ ನಮ್ಮ ಅಕ್ಕ. ಬೆಳಿಗ್ಗೆಯೇ ಜರಡಿಗೆ ಹಾಕಿ ತೊಳೆದಿಟ್ಟಿದ್ದಳು. ಅರ್ಧಕ್ಕರ್ಧ ಅಂಟಂಟಾಗಿ ಜರಡಿಗೆ ಹಿಡಿದುಕೊಂಡಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಪೊಟ್ಟಣದ ತಳದಲ್ಲಿ ಇವಳ ಕೈಗೆ ಸಿಗದೆ ಉಳಿದಿದ್ದವು ಹನ್ನೊಂದು. ಗಡಿಯಾರದಲ್ಲಿ ಹನ್ನೊಂದೂವರೆ. ಸಂಜಯ ಹೊರಡುವ ಹೊತ್ತು.

ಬ್ರೆಡ್ಡಿನ ಒಂದು ತುಂಡಿಗೆ ಬೆಣ್ಣೆ ಸವರಿ, ಇನ್ನೊಂದಕ್ಕೆ ಹತ್ತಿ ಜೋಡಿಸಿ, ಸಣ್ಣ ಉರಿಯ ಹಂಚಿನ ಮೇಲಿಟ್ಟು ತಟ್ಟೆ ಮುಚ್ಚಿದೆವು. ಅಕ್ಕ ತಟ್ಟೆ ಎತ್ತಿ ಎತ್ತಿ ನೋಡುತ್ತಿದ್ದಳು. ಹತ್ತಿ ಉಬ್ಬಿತು, ಮೆತ್ತಗಾಯಿತು, ಅಂಚು ಕೆಂಪಗಾಯಿತು. ಎರಡನ್ನೂ ಕೂಡಿಸಿ ಒತ್ತಿ, ಮೂಲೆಯಿಂದ ಮೂಲೆಗೆ ಕೊಯ್ದು ಅವಳೇ ಒಯ್ದು ಸೊಸೆಯ ಮುಂದೆ ಇಟ್ಟಳು. ತಟ್ಟೆಯ ಅಂಚನ್ನು ಸೆರಗಿನಿಂದ ಎರಡೆರಡು ಸಲ ಒರೆಸಿದಳು. ಅದನ್ನು ನೋಡಿ ನನಗೆ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಮಾಲಾ ಒಂದು ತುತ್ತು ಕಚ್ಚಿದಳು. ನಾವು ಅವಳ ಗಂಟಲನ್ನೇ ನೋಡುತ್ತ ನಿಂತೆವು. ಇಳಿಯಿತು. ಇನ್ನೊಂದು ತುತ್ತು. ಅದೂ ಇಳಿಯಿತು. ಬಿಳಿಯ ಎಳೆ ಗದ್ದಕ್ಕೆ ಅಂಟಿತ್ತು, ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಎರಡೂ ತುಂಡು ಮುಗಿಸಿ ಕಾಲು ಗಂಟೆ ಕುಳಿತಳು. ಯಾರೂ ಬಚ್ಚಲಿಗೆ ಓಡಲಿಲ್ಲ. ಮಾಲಾ ಅಣ್ಣನಿಗೆ ತಾನೇ ಫೋನು ಮಾಡಿದಳು. "ಅಣ್ಣಾ, ಇವತ್ತ ಬರಬ್ಯಾಡ. ನಾ ಉಣ್ಣಾಕತ್ತೀನಿ."

ಸಾವಂತ್ರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಉಳಿದ ಹತ್ತಿಯಲ್ಲಿ ಇನ್ನೊಂದು ಮಾಡಿ ತಂದಳು. ಮಾಲಾ ಅದನ್ನು ಎರಡು ಭಾಗ ಮಾಡಿ ಒಂದನ್ನು ಅತ್ತೆಯ ಮುಂದೆ ಹಿಡಿದಳು.

"ನನಗ್ಯಾಕ? ನನಗೇನ ಜ್ವರ ಬಂದೈತಿ?" ಎಂದಳು ಅಕ್ಕ. ಆದರೆ ಕೈ ಹಿಂದೆ ಸರಿಯಲಿಲ್ಲ.

ಹೊಟ್ಟೆ ತುಂಬಿದ ಧೈರ್ಯವಿರಬೇಕು, ಮಾಲಾ ಕೇಳಿಯೇಬಿಟ್ಟಳು. "ಅತ್ತಿ, ಇವ್ರು ಹೊಟ್ಟ್ಯಾಗಿದ್ದಾಗ ನಿಮಗೇನ ಬಯಕಿ ಆಗಿತ್ತು?"

ಅಕ್ಕ ಬ್ರೆಡ್ಡಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತ ಕುಳಿತಳು. "ಬ್ರೆಡ್ಡು," ಎಂದಳು. "ಬಸ್ ಸ್ಟ್ಯಾಂಡಿನ ಕಡೆ ಒಂದು ಬ್ರೆಡ್ಡಿನ ಭಟ್ಟಿ ಇತ್ತು. ಮುಂಜಾನಿ ನೀರಿಗೆ ಹೋಗೂ ಮುಂದ ವಾಸನಿ ಬರತಿತ್ತು. ಚಹಾದಾಗ ಅದ್ದಿ ಒಂದು ತುಣುಕು ತಿನ್ನಬೇಕು, ಅಷ್ಟ. ನಮ್ಮ ಅತ್ತಿನ್ನ ಕೇಳಿದೆ. ಯಾರಿಗೆ ಜ್ವರ ಬಂದೈತಿ ಅಂದ್ಳು. ಎಲ್ಲಾರೂ ನಕ್ಕರು. ಮತ್ತ ಕೇಳಲಿಲ್ಲ ನಾ."

ಆ ಅತ್ತೆಯೇ ನನಗೂ ಅತ್ತೆ. ನನ್ನ ಹೊತ್ತಿಗೆ ಮೆತ್ತಗಾಗಿದ್ದರು. ನನಗಾಗಿ ಜಾಂಬೋಟಿಯ ತನಕ ಹೋದವಳಿಗೆ ಏನು ಬೇಕಾಗಿತ್ತೆಂದು ಮೂವತ್ತು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳು ಬಂತು. ಕಿವಿ ಸೋರುವುದು ಸೋಂಕಿನಿಂದ ಎಂಬ ನನ್ನ ಪಾಠ ಆ ಹೊತ್ತಿನಲ್ಲಿ ಬಾಯಿಗೆ ಬರಲಿಲ್ಲ.

ಬಾಳೇಶ ಬಾಗಿಲಲ್ಲಿ ಕುಳಿತು ಬೂಟು ಒರೆಸುತ್ತಿದ್ದ, ಎಡಗಡೆ ನಮ್ಮ ಕಡೆಗಿತ್ತು. ನಾನು ಕಣ್ಣೊರೆಸಿಕೊಳ್ಳುವುದು ಕಂಡು ತಿರುಗಿ, ಬಲಗಿವಿಗೆ ಕೈ ಹಿಡಿದ.

"ಏನಂದಿ ಅವ್ವಾ? ನನಗ ಕೇಳಸಲಿಲ್ಲ."

ಸಾವಂತ್ರಕ್ಕ ಬ್ರೆಡ್ಡನ್ನು ದೊಡ್ಡದಾಗಿ ಕಚ್ಚಿದಳು.

"ಏನಿಲ್ಲೋ ಯಪ್ಪಾ," ಎಂದಳು ತುಂಬಿದ ಬಾಯಲ್ಲಿ. "ನಾಳೆ ಬರೂ ಮುಂದ ಇನ್ನೊಂದು ಪೌಂಡು ತಾ ಅಂದೆ."