ಮೊದಲೇ ತೆರಿಗೆ ಕಟ್ಟುವ ಆರ್ವಿಡ್
ಪ್ರತಿ ವರ್ಷ ನಮ್ಮೂರ ಹಿಮ ಕರಗುವ ಮೊದಲೇ, ಲೈಬ್ರರಿಯಲ್ಲಿ ನಾನು ತೆರಿಗೆ ರಿಟರ್ನ್ ತುಂಬಿಕೊಡುವ ಮೇಜಿಗೆ ಆರ್ವಿಡ್ ಸ್ಟೆನ್ರೂಡ್ ಮದುವೆಯ ಕೋಟು ತೊಟ್ಟು, ಹೆಂಡತಿ ಲವಾನ್ ಜೊತೆ ಬರುತ್ತಾರೆ. ಉಳಿದವರು ತೆರಿಗೆ ತಪ್ಪಿಸುವ ದಾರಿ ಕೇಳಿದರೆ ಇವರದು ಉಲ್ಟಾ. "ಬರ್ಕೊಳಪ್ಪಾ, ಈ ವರ್ಷವೂ ನಿವೃತ್ತಿ ಹಣದಲ್ಲಿ ಒಂದು ಪಾಲು ರಾತ್ ಅನ್ನೋ ಉಳಿತಾಯ ಖಾತೆಗೆ ಹಾಕಿದೀನಿ. ತೆರಿಗೆ ಈಗಲೇ ಕಟ್ತೀನಿ, ಮುಂದೆ ಆ ದುಡ್ಡು ತೆಗೆದಾಗ ಯಾರೂ ತೆರಿಗೆ ಕೇಳೋ ಹಾಗಿಲ್ಲ," ಎಂದು ಮಕ್ಕಳ ವಿಭಾಗಕ್ಕೂ ಕೇಳುವಂತೆ ಸಾರುತ್ತಾರೆ. ರಿಟರ್ನಿನಲ್ಲಿ ಆ ಸಾಲು ಕಣ್ಣಾರೆ ಕಾಣುವವರೆಗೆ ಕೋಟಿನ ಗುಂಡಿ ಬಿಚ್ಚುವವರಲ್ಲ. "ಎಂಬತ್ತು ದಾಟಿದೋರಿಗೆ ಮುಂದೆ ಅಂದ್ರೆ ಯಾವಾಗಂತೆ, ಕೇಳಿ," ಎಂದು ಲವಾನ್ ಕಿಚಾಯಿಸುತ್ತಾರೆ. ಈ ಸಲ ಆಕೆ ಸಹಿಗೆಂದು ಕನ್ನಡಕ ಹುಡುಕುತ್ತಿದ್ದಾಗ ಆರ್ವಿಡ್ ಮೊದಲ ಬಾರಿಗೆ ದನಿ ತಗ್ಗಿಸಿದರು: "ಗಂಡ-ಹೆಂಡ್ತಿ ಜೋಡಿಯಾಗಿ ರಿಟರ್ನ್ ಹಾಕಿದ್ರೆ ಇಲ್ಲಿ ತೆರಿಗೆ ಕಮ್ಮಿ ಬೀಳತ್ತೆ. ನಾನು ಹೋಗಿ ಒಂಟಿ ಆದ್ಮೇಲೆ, ಅದೇ ಹಣಕ್ಕೆ ಅವಳಿಗೆ ಜಾಸ್ತಿ. ಅದಕ್ಕೇ, ನಾನಿರುವಾಗ್ಲೇ ಕಟ್ಬಿಡೋದು." ಆಮೇಲೆ ಗುಂಡಿ ಬಿಚ್ಚಿ, ಪೆನ್ನು ಎಲ್ಲಿ ಎಂದು ಇಡೀ ಲೈಬ್ರರಿಗೆ ಕೇಳುವಂತೆ ಗದರಿದರು.