ಬಾಗಿಲ ಸಿಸ್ಟರ್

ಆ ಕನ್ಯಾಸ್ತ್ರೀಯರ ಮಠದ ಬಾಗಿಲ ಮೇಲೆ ‘ಕಾರ್ಮೆಲಿತಾನಾ’ ಎಂದು ಅವರ ಪಂಥದ ಲ್ಯಾಟಿನ್ ಹೆಸರು ಕೆತ್ತಿದೆ. ಅರ್ಥ ಕೇಳಿದರೆ ಬಾಗಿಲು ಕಾಯುವ ಸಿಸ್ಟರ್, “ಒಳಗಿರೋರು ಬಾಯಿ ಬಿಡಲ್ಲ, ನಾನು ಬಾಯಿ ಮುಚ್ಚಲ್ಲ ಅಂತ” ಎನ್ನುತ್ತಾರೆ. ಮೌನವ್ರತದ ಆ ಮಠದಲ್ಲಿ ಹೊರಗಿನವರೊಡನೆ ಮಾತಾಡುವ ಅಪ್ಪಣೆ ಅವರೊಬ್ಬರಿಗೇ. ಹಾಗಾಗಿ ಎಲ್ಲರ ಪಾಲಿನ ಮಾತನ್ನೂ ಅವರೇ ಆಡುತ್ತಾರೆ. ಹಾಲು ನೀರಾದರೆ ಹಾಲಿನವನ ನೀರಿಳಿಸುತ್ತಾರೆ, ಆಮೇಲೆ ಅವನ ಹೆಂಡತಿಯ ಮಂಡಿನೋವು ವಿಚಾರಿಸುತ್ತಾರೆ. ಯಾರು ಯಾವ ಕಷ್ಟ ತೋಡಿಕೊಂಡು ಪ್ರಾರ್ಥನೆ ಬೇಡಿದರೂ ಕೊನೆಗೆ ಒಂದೇ ಮಾತು: “ಆಯ್ತಪ್ಪ, ಒಳಗೆ ಹೇಳ್ತೀನಿ.” ಮರೆಯದೆ ಹೇಳುತ್ತಾರೆ ಕೂಡ, ಒಳಗಿನವರು ಮೊಣಕಾಲೂರುತ್ತಾರೆ. ಮೊನ್ನೆ ಅವರ ಸ್ವಂತ ತಮ್ಮನೇ ಬಂದು, “ಅಕ್ಕಾ, ಅಮ್ಮ ಹೋಗ್ಬಿಟ್ಲು” ಎಂದ. “ಆಯ್ತಪ್ಪ, ಒಳಗೆ ಹೇಳ್ತೀನಿ” ಎಂದು ಬಾಗಿಲು ಮುಚ್ಚಿದರು. ಅಗುಳಿ ಹಾಕಿದ ಕೈ ಅಗುಳಿಯ ಮೇಲೇ ಉಳಿಯಿತು.